ಎಲಿ ಬೆನ್ನು

ಮೋಡ ಬಂದ್ರ
ತಿಕೋಟಾದಾಗ ತೊಗರಿಯವರು ನಗತಾರ.
ನಾ ಚಪ್ಪರದ ಕೆಳಗ ಹೋಗಿ
ಕತ್ತು ಹಿಂದಕ್ಕ ಚಲ್ಲಿ
ಒಂದೊಂದ ಎಲಿ ಬೆನ್ನು ಓದತೇನಿ.

ಚಾಟಣಿ ಆಗಿ ಹದಿನೆಂಟ ದಿವಸ.
ಕುಡಿ ಗೇಣುದ್ದ,
ಎಲಿ ಇನ್ನೂ ಕೂಸಿನ ಕಿವಿಯಂಗ ಮೆತ್ತಗ.
ಮ್ಯಾಲಿಂದ ನೋಡಿದ್ರ ಏನೂ ಇಲ್ಲ,
ಭಜಿ ಕಟ್ಟಿದ ಕಾಗದದ ಮ್ಯಾಲಿನಂಥಾ
ಒಂದ ಎಣ್ಣಿ ಕಲಿ.
ಹೊಳ್ಳಿಸಿದ್ರ
ಬಿಳಿ ತುಪ್ಪಟ.

ದಾವಣಿ ಅಂದ್ರ ನಮ್ಮಪ್ಪಗ
ಎಂಟ ದನಾ ಸಾಲಾಗಿ ಕಟ್ಟೂ ಹಗ್ಗ.
ದನಾ ಹೋದವು, ದ್ರಾಕ್ಷಿ ಬಂತು.
ಹಗ್ಗಾ ಎಲ್ಲಿ ಬಿತ್ತೋ ಗೊತ್ತಿಲ್ಲ,
ಹೆಸರು ಮಾತ್ರ ಬಿಡಲಿಲ್ಲ,
ಎಲಿಗಿ ಬಂದು ಕುಂತೈತಿ.

ಗೈಬೂಸಾಬಗ ಫೋನ್ ಮಾಡಿದೆ.
ಆರು ವರ್ಷ ಮೂಡಿಗೇರಿ ಕಡೆ
ಕಾಫಿ ತ್ವಾಟದಾಗ ಎಣ್ಣಿ ಹೊಡದಾಂವ.
ಅಲ್ಲಿ ಎಲಿಗಿ ತುಕ್ಕು, ಅಂತಾನ,
ಹಿಂದಿನಿಂದ ಕೇಸರಿ ಪುಡಿ,
ಹಾದು ಹೋದ್ರ ಅಂಗಿಗಿ ಹತ್ತತೈತಿ ಅಕ್ಕಾ,
ಮದುವಿ ಮನಿಯಿಂದ ಬಂದಂಗ.
ಮಳಿಗಾಲ ಹತ್ತೂ ಮುಂದ ಒಂದ ಸರ್ತಿ,
ಬಿಟ್ಟ ಮ್ಯಾಲ ಒಂದ ಸರ್ತಿ.
ಮದ್ದು ಅದೇ, ನೀಲಿ ನೀರು.
ಬ್ಯಾನಿ ಬ್ಯಾರೆ ಬ್ಯಾರೆ,
ಹುಟ್ಟೂ ಜಾಗಾ ಒಂದೇ: ಬೆನ್ನು.

ಮೂರು ಪ್ಲಾಸ್ಟಿಕ್ ಬ್ಯಾರಲ್.
ಒಂದರಾಗ ಮೈಲುತುತ್ತ, ಕಿಲೋ.
ಒಂದರಾಗ ಸುಣ್ಣ, ಕಿಲೋ.
ನಾ ಒಂದ ಕೊಡಾ ಹಿಡದೆ, ಆಂವ ಒಂದ ಹಿಡದ,
ಎರಡೂ ಧಾರಿ ಮೂರನೇದರಾಗ
ಒಮ್ಮೆಲೇ ಬೀಳಬೇಕು,
ಯಾರೂ ಮುಂದ ಆಗಬಾರದು.

ಆಮ್ಯಾಲ ಆಂವ ಕುಡಗೋಲು ತಗದ.
ಮಸದ ಬಾಯಿ, ಬೆಳ್ಳಗ.
ನೀಲಿಯೊಳಗ ಅದ್ದಿ
ಬೆರಳ ಮಡಚಿ ಎಣಿಸಿದ.
ಎತ್ತಿದ್ರ
ಬಾಯಿತುಂಬ ತಾಮ್ರ,
ಎಲಿ ತಿಂದಂಗ ಕೆಂಪ.

ಹೊಡಿ ಗೈಬೂಸಾಬ, ಅಂದೆ,
ಹೊತ್ತು ಹೊಂಟೈತಿ, ಮೋಡ ಬಾಬಾನಗರ ದಾಟೈತಿ.
ಆಂವ ಪಂಪಿನ ಮ್ಯಾಲ ಕುಂತ, ಬೀಡಿ ಹಚ್ಚಲಿಲ್ಲ,
ಎದ್ದೂ ಏಳಲಿಲ್ಲ.
ಸುಣ್ಣ ಸತ್ತೈತಿ ಅಕ್ಕಾ.
ಚೀಲಾ ಒಡದು ಎಷ್ಟ ದಿನಾ ಆತು?
ಇದನ್ನ ಹೊಡದ್ರ ದಾವಣಿ ಸಾಯತೈತಿ,
ಜೋಡಿ ಎಲೀನೂ.

ಅಂಗಡಿ ಅಮಾಸಿಗಿ ಬಂದ್.
ನಾ ಬಯ್ದೆ. ಯಾರಿಗಿ ಅಂತ ನನಗೂ ಗೊತ್ತಿಲ್ಲ,
ಸುಣ್ಣಕ್ಕ ಇರಬೇಕು.

ಆಗ ನಮ್ಮತ್ತಿ ಚಂಪವ್ವ,
ಎಂದೂ ತ್ವಾಟದ ಗೇಟ ದಾಟದಾಕಿ,
ಸೆರಗಿನಾಗ ಗಡಗಿ ಹಿಡಕೊಂಡು ಬಂದಳು.
ದೀಪಾವಳಿಗಿ ಗ್ವಾಡಿ ಸಾರಸಾಕ
ಬಾಯಿಗಿ ಅರಿವಿ ಕಟ್ಟಿ ಇಟ್ಟ ಸುಣ್ಣದ ಹಳ್ಳು.
ನೀರು ಬಿದ್ದಕೂಡಲೇ ಕುದೀತು,
ಸಿಟ್ಟ ಇದ್ದಂಗ ಐತಿ, ಜೀಂವ ಐತಿ ಅಂದ ಗೈಬೂಸಾಬ.
ಗ್ವಾಡಿ? ಅಂದೆ ನಾ.
ಅದಕ್ಕೇನ ಬಾಯಿ ಐತೇನ, ಅಂದಳು ಅತ್ತಿ.

ಕುಡಗೋಲು ತಿರುಗಿ ಮುಳುಗ್ತು.
ಬೆಳ್ಳಗ ಎದ್ದು ಬಂತು.

ಕೆಳಗಿಂದ ಮ್ಯಾಲಕ್ಕ ಹೊಡದ,
ಸಾಲ ಹಿಡದು, ಮಾರಿಗಿ ಟವೆಲ್ ಸುತ್ತಿ,
ನೆಲಕ್ಕ ಬೆನ್ನ ಕೊಟ್ಟ ಎಲಿಗೆಲ್ಲಾ
ಬೆನ್ನ ತೊಳದಂಗ.
ಹುಬ್ಬು ನೀಲಿ ಆದವು.
ಸಂಜೀಕ ಚಾ ಕುಡಿಯೂ ಮುಂದ ನೋಡಿದ್ರ
ಯಾವುದೋ ನಾಟಕದ ದೇವರಂಗ ಕಾಣತಿದ್ದ,
ಕೆಮ್ಮೂ ದೇವರು.

ರಾತ್ರಿ ಹತ್ತಕ್ಕ ಮಳಿ.
ಮುಗಿಸಿ ನಾಕ ತಾಸ ಆಗಿತ್ತು.
ಮೂರು ಒಣಗಿದ್ರ ಸಾಕು ಅಂದಿದ್ದ.
ಸಾಕು, ಅಂದೆ ನಾನೂ, ಪತ್ರಾಸಿನ ಸಪ್ಪಳಕ್ಕ.
ಮತ್ತೊಮ್ಮೆ ಅಂದೆ.
ಮೂರನೇ ಸಾಲಿನ್ಯಾಗ ಹರದ ಏಳ ಎಲಿ
ಒಲ್ಯಾಗ ಇನ್ನೂ ಹಸೀ ವಾಸನಿ ಬಿಡತಿದ್ದವು.

ಹಬ್ಬದ ದಿನಾ ಬೀಗರು ಬಂದರು.
ಸುಣ್ಣ ಕಾಣದ ಗ್ವಾಡಿ ನೋಡಿದರು,
ಅದರ ಮ್ಯಾಲ ನನ್ನ ಐದ ಬೆರಳು, ನೀಲಿ.
ಏನ ಕೇಳಬೇಕೋ ತಿಳೀಲಾರದ
ಕರ್ಚಿಕಾಯಿ ಮುರದರು.
ಅತ್ತಿ ಹಣತಿ ಬತ್ತಿ ಎತ್ತರಸಿ,
ಯಾರ ಮಾರೀನೂ ನೋಡದ, ಅಂದಳು:
ಈ ವರ್ಷ ನಮ್ಮ ಸುಣ್ಣ
ಎಲಿ ಹಿಂದ ಐತಿ.